ಹೂಜಿಗಿಡಕ್ಕೆ ಪಾಯಸ ಹಾಕಿದ ಅತ್ತೆ

"ಬುದ್ಧೀ, ಸೇವೆ ಮಾಡೋದ್ರಲ್ಲೂ ತಪ್ಪಾಗುತ್ತಾ?"

ಕೇಳಿದವನು ಕೊಟ್ರೇಶ, ಮಠದ ದಾಸೋಹವನ್ನು ನೋಡಿಕೊಳ್ಳುವ ಶಿಷ್ಯ. ಕೇಳಿದ್ದು ಹಾಲಯ್ಯ ಗುರುಗಳನ್ನು. ಅಡುಗೆಮನೆಯಲ್ಲಿ ಬೇಳೆ ಬೇಯುತ್ತಿತ್ತು. ಪಂಕ್ತಿಗೆ ಇನ್ನೂ ಹೊತ್ತಿತ್ತು.

ಗುರುಗಳು ಕೇಳಿದ ಕೂಡಲೇ ಉತ್ತರ ಕೊಡುವವರಲ್ಲ. "ಯಾರ ಸೇವೆ?" ಎಂದರು.

"ಮುರಿಗೆಪ್ಪನದು."

ಮುರಿಗೆಪ್ಪ ಅದೇ ಮಠದ ಇನ್ನೊಬ್ಬ ಶಿಷ್ಯ. ಇಬ್ಬರೂ ಒಂದೇ ಕೋಣೆಯಲ್ಲಿ ಬೆಳೆದವರು. ಬಡಿಸಿದರೆ ಮುರಿಗೆಪ್ಪನೇ ಬಡಿಸಬೇಕು ಎಂದು ಸುತ್ತಲಿನ ಊರುಗಳೆಲ್ಲ ಹೇಳುತ್ತಿದ್ದವು. ಯಾರಿಗೆ ಎಷ್ಟು ಹಸಿವೆಂಬುದು ಅವನಿಗೆ ಮುಖ ನೋಡಿಯೇ ತಿಳಿಯುತ್ತಿತ್ತು. ಬಾಯಿಬಿಟ್ಟು ಕೇಳಲು ನಾಚುವವರ ಎಲೆಯ ಮುಂದೆ ಅವನ ಸೌಟು ತಾನಾಗಿ ನಿಲ್ಲುತ್ತಿತ್ತು. ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮಾತ್ರ ಏಳಲಿಲ್ಲ.

ಅಂದಿನಿಂದ ಕೊಟ್ರೇಶ ಅವನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ. ಮೀಯಿಸಿದ, ಬಟ್ಟೆ ಉಡಿಸಿದ, ಹಣೆಗೆ ವಿಭೂತಿ ಹಚ್ಚಿದ, ತುತ್ತು ಮಾಡಿ ಬಾಯಿಗಿಟ್ಟ. ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ಹೀಗಿರುವಾಗ ನಿನ್ನೆ ಮುರಿಗೆಪ್ಪ ಗುರುಗಳ ಮುಂದೆ ಬಂದು ನಿಂತು, ಮಠ ಬಿಟ್ಟು ಅಕ್ಕನ ಊರಿಗೆ ಹೋಗುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಿದ್ದ. ಗುರುಗಳು ಆಗಲಿ ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ.

ಕೊಟ್ರೇಶನಿಗೆ ನಿನ್ನೆಯಿಂದ ಊಟ ಸೇರಿರಲಿಲ್ಲ. ಗೆಳೆಯ ಹೋಗುತ್ತಾನೆ ಎಂಬುದು ಒಂದು ದುಃಖ. ತಾನು ಇಷ್ಟೆಲ್ಲ ಮಾಡಿದರೂ ಹೋಗುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ದುಃಖ.

"ಅವನು ನಿನ್ನ ಹತ್ತಿರ ಏನಾದ್ರೂ ಕೇಳಿದ್ದನಾ?" ಎಂದರು ಗುರುಗಳು.

"ಕೇಳೋಕೆ ಬಿಟ್ಟಿದ್ರೆ ತಾನೇ ಬುದ್ಧೀ? ಕೇಳೋ ಮೊದಲೇ ಎಲ್ಲ ಕೊಟ್ಟಿದ್ದೀನಿ." ಅವನ ದನಿಯಲ್ಲಿ ನೋವಿನ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಗುರುಗಳು ಕಿಟಕಿಯತ್ತ ನೋಡಿದರು. ಕಿಟಕಿಯ ಕಟ್ಟೆಯ ಮೇಲೆ ಒಂದು ಹೂಜಿಗಿಡವಿತ್ತು, ಯಾರೋ ಭಕ್ತೆ ತಂದುಕೊಟ್ಟದ್ದು. ಅದರ ಎಲೆಯ ತುದಿಯಿಂದ ಒಂದು ಎಳೆ ಇಳಿಯುತ್ತದೆ. ಎಳೆಯ ಕೊನೆಯಲ್ಲಿ ಒಂದು ಪುಟ್ಟ ಹೂಜಿ ತೂಗುತ್ತದೆ. ಹೂಜಿಗೆ ಮೇಲೊಂದು ಮುಚ್ಚಳವೂ ಉಂಟು. ಕಳೆದ ವಾರ ಕೊಟ್ರೇಶ ಅದಕ್ಕೆ ಮಠದ ಎಮ್ಮೆಯ ಗೊಬ್ಬರ ಹಾಕಲು ಹೋಗಿ ಗುರುಗಳಿಂದ ಬೇಡವೆನಿಸಿಕೊಂಡಿದ್ದ.

"ಕೂತ್ಕೋ. ಆ ಗಿಡದ್ದೇ ಒಂದು ಕತೆ ಹೇಳ್ತೀನಿ. ಒಂದು ಊರಲ್ಲಿ ಒಬ್ಬ ಅತ್ತೆ ಇದ್ದಳು."

"ಯಾವ ಊರು ಬುದ್ಧೀ?"

"ಊರು ಹೇಳಿದ್ರೆ ಸಂಜೆಯೊಳಗೆ ಅವಳ ಮನೆ ಹುಡುಕಿಕೊಂಡು ಹೋಗಿ ಅವಳ ಸೇವೆಗೂ ನಿಲ್ತೀಯ. ಸುಮ್ನೆ ಕೇಳು."

ಕೊಟ್ರೇಶ ನಕ್ಕ. ನಿನ್ನೆಯಿಂದ ಅದೇ ಮೊದಲ ನಗು. ಗುರುಗಳು ಹೇಳಿದ ಕತೆ ಇದು.

ಆ ಅತ್ತೆಗೆ ಖಾಲಿ ಪಾತ್ರೆ ಕಂಡರೆ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕಳಿಸಿದರೆ ಆ ಬಟ್ಟಲು ಬರಿದಾಗಿ ಹಿಂದಕ್ಕೆ ಹೋದದ್ದಿಲ್ಲ. ಪಲ್ಯವೋ ಹಣ್ಣೋ ಹಾಕಿ ಕಳಿಸುವಳು. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುವಳು. ಬರಿ ಪಾತ್ರೆ ಮರಳಿಸಬಾರದು ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಉಳಿದವರಿಗೆ ಅದು ರೂಢಿ, ಈಕೆಗೆ ಅದು ವ್ರತ. ಹಾಲಿನವನಾಗಲಿ, ಅಂಚೆಯವನಾಗಲಿ, ಕರೆಂಟಿನ ಮೀಟರ್ ನೋಡಲು ಬಂದವನಾಗಲಿ, ಆ ಮನೆಯ ಮೆಟ್ಟಿಲನ್ನು ಹಸಿದ ಹೊಟ್ಟೆಯಲ್ಲಿ ಇಳಿಯುವಂತಿರಲಿಲ್ಲ. ಹೊಟ್ಟೆ ತುಂಬಿದೆ ಎಂದು ಆಣೆಯಿಟ್ಟರೂ ಆಕೆ ನಂಬುತ್ತಿರಲಿಲ್ಲ.

ಇದಕ್ಕೆ ಒಂದು ಕಾರಣವಿತ್ತು. ಆಕೆ ಸೊಸೆಯಾಗಿ ಬಂದ ಮರುದಿನವೇ ಅವಳ ಅತ್ತೆ ತುಂಬಿದ ಮನೆಯ ಅಡುಗೆಯನ್ನು ಅವಳ ತಲೆಗೆ ಕಟ್ಟಿದ್ದಳು. ಹಸಿ ಸೌದೆ, ಕಣ್ಣು ತುಂಬ ಹೊಗೆ. ಅಂದು ಆಕೆ ಅಳುತ್ತಲೇ ಬೇಳೆ ಬೇಯಿಸಿದ್ದಳು. ಮುಂದೆ ತನಗೊಬ್ಬಳು ಸೊಸೆ ಬಂದರೆ ಅವಳಿಗೆ ಒಲೆಯ ಬಿಸಿ ತಾಗಗೊಡುವುದಿಲ್ಲ ಎಂದು ಅಲ್ಲೇ, ಆ ಹೊಗೆಯಲ್ಲೇ, ಮನಸ್ಸಿನಲ್ಲಿ ಬರೆದುಕೊಂಡಿದ್ದಳು.

ಕಾಲ ಬಂತು. ಮಗನಿಗೆ ಮದುವೆಯಾಯಿತು. ಸೊಸೆ ಬಳ್ಳಾರಿ ಕಡೆಯವಳು. ಬೇರೆ ಸಾಮಾನೆಲ್ಲ ಗಾಡಿಯಲ್ಲಿ ಬಂದರೆ ಒಂದು ಕುಂಡ ಮಾತ್ರ ಅವಳ ಮಡಿಲಲ್ಲಿ ಬಂತು. ಅದು ಹೂಜಿಗಿಡ. ತವರಿನ ಕಿಟಕಿಯಲ್ಲಿ ಅವಳೇ ಬೆಳೆಸಿದ್ದು. ಸೊಸೆ ಮನೆಯನ್ನೆಲ್ಲ ನೋಡಿ ಕಡೆಗೆ ಅಡುಗೆಮನೆಯ ಕಿಟಕಿಯನ್ನು ಆರಿಸಿದಳು. ಅಲ್ಲಿ ಬೆಳಕೂ ಇತ್ತು, ಒಲೆಯ ಹಬೆಯೂ ಇತ್ತು. ಆ ಗಿಡಕ್ಕೆ ಎರಡೂ ಬೇಕು.

ಅತ್ತೆಗೆ ಗಿಡ ನೋಡಿದ ಕೂಡಲೇ ಇಷ್ಟವಾಯಿತು. ಪಾತ್ರೆ ಬಿಡುವ ಗಿಡ! ಅದೂ ಮುಚ್ಚಳ ಸಮೇತ! ಆಕೆ ಬಗ್ಗಿ ಒಂದು ಹೂಜಿಯೊಳಗೆ ನೋಡಿದಳು. ತಳದಲ್ಲಿ ಗುಟುಕು ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಅಯ್ಯೋ, ಖಾಲಿ ಐತಲ್ಲೇ!"

"ಅದು ಹಂಗೇ ಇರೋದು ಅತ್ತೇ," ಎಂದಳು ಸೊಸೆ. "ಮಳೆನೀರು ಹಾಕಿದ್ರೆ ಸಾಕು. ಗೊಬ್ಬರ ಬೇಡ. ಅದಕ್ಕೆ ಬೇಕಾದ್ದನ್ನ ಅದೇ ಹಿಡಕೊಂಡು ತಿನ್ನುತ್ತೆ."

"ಈ ಮನೇಲಿ ಯಾರೂ ಹಿಡಕೊಂಡು ತಿನ್ನೋ ಗತಿ ಬಂದಿಲ್ಲ ತಾಯಿ. ಕೂತಲ್ಲಿಗೇ ಬರುತ್ತೆ. ನಾನಿದ್ದೀನಲ್ಲ."

ಸೊಸೆ ಹೊಸಬಳು. ಎದುರು ಮಾತಾಡಲಿಲ್ಲ.

ಆ ಗಿಡದ ಹುಟ್ಟೂರಿನಲ್ಲಿ ಮಳೆ ಹೆಚ್ಚು, ಮಣ್ಣಿನಲ್ಲಿ ಸಾರ ಕಡಿಮೆ. ಮಣ್ಣು ಕೊಡದ್ದನ್ನು ಅದು ಹೂಜಿಯಲ್ಲಿ ಸಂಪಾದಿಸಿಕೊಳ್ಳುತ್ತದೆ. ಬಾಯಂಚಿನ ಸಿಹಿಗೆ ಆಸೆಪಟ್ಟು ಬಂದ ಇರುವೆ, ನೊಣಗಳು ಜಾರಿ ಒಳಗೆ ಬೀಳುತ್ತವೆ, ಅವೇ ಅದರ ಊಟ. ಇದು ಅತ್ತೆಗೆ ಗೊತ್ತಿಲ್ಲದ್ದೇನಲ್ಲ, ಸೊಸೆ ಬಿಡಿಸಿ ಹೇಳಿದ್ದಳು. ಗೊತ್ತಿದ್ದರೂ ಕೈ ಕೇಳಬೇಕಲ್ಲ. ಹಾಲು ಕಾಯಿಸಿದಾಗ ಒಂದು ಹೂಜಿಗೆ ಒಂದು ಚಮಚ ಹಾಲು ಬಿತ್ತು. ಹೋಳಿಗೆ ಮಾಡಿದ ದಿನ ಇನ್ನೊಂದಕ್ಕೆ ಹೂರಣ. ಹುಣ್ಣಿಮೆಯ ದಿನ ಶಾವಿಗೆ ಪಾಯಸ ಮಾಡಿ ದೇವರಿಗೆ ಎಡೆಯಿಟ್ಟವಳು, ಅದೇ ಬಟ್ಟಲಿನಿಂದ ಎಲ್ಲ ಹೂಜಿಗಳಿಗೂ ಹಂಚಿದಳು. ಒಂದೊಂದು ದ್ರಾಕ್ಷಿ ಬರುವ ಹಾಗೆ ನೋಡಿ ಹಂಚಿದಳು.

ಹೂಜಿಗಳು ಕಪ್ಪಾದವು. ಅಡುಗೆಮನೆಯಲ್ಲಿ ಹುಳಿತ ವಾಸನೆ ಎದ್ದಿತು. ಒಂದೊಂದಾಗಿ ಎಲ್ಲವೂ ಬಾಡಿ ಬಿದ್ದವು.

ಅತ್ತೆ ನಿಜವಾಗಿಯೂ ನೊಂದುಕೊಂಡಳು. ತಪ್ಪಾಯಿತು ಎಂದು ಒಪ್ಪಿಕೊಂಡಳು. ಬಾಯಿಗೆ ಹಾಕಿದ್ದು ಹೆಚ್ಚಾಯಿತು, ಇನ್ನು ಬುಡಕ್ಕೆ ಹಾಕಿದರಾಯಿತು ಎಂದುಕೊಂಡಳು. ಅಂದಿನಿಂದ ಅಕ್ಕಿ ತೊಳೆದ ನೀರು ಬುಡಕ್ಕೆ ಹೋಯಿತು. ಆಗಾಗ ಒಂದು ಚಿಟಿಕೆ ಗೊಬ್ಬರವೂ ಹೋಯಿತು. ಗಿಡ ಸಾಯಲಿಲ್ಲ. ಸಾಯುವುದಿರಲಿ, ಕಿಟಕಿ ತುಂಬ ಎಲೆ ಬಿಟ್ಟಿತು. ಅಂಗೈಯಗಲದ, ಎಣ್ಣೆ ಸವರಿದಂತೆ ಹೊಳೆಯುವ ಎಲೆಗಳು. ಹೂಜಿ ಮಾತ್ರ ಒಂದೂ ಬರಲಿಲ್ಲ. ಎಲೆಯ ತುದಿಯ ಎಳೆ ಒಂದಿಷ್ಟು ಇಳಿದು, ಅಲ್ಲೇ ಒಣಗಿ ಸುರುಟಿಕೊಳ್ಳುತ್ತಿತ್ತು.

"ನೋಡಿದ್ಯಾ, ಹೆಂಗೆ ಮೈ ತುಂಬ್ಕೊಂಡೈತೆ!" ಎಂದು ಅತ್ತೆ ಬಂದವರಿಗೆಲ್ಲ ಗಿಡ ತೋರಿಸುತ್ತಿದ್ದಳು.

ಮೈ ತುಂಬಿಕೊಂಡದ್ದು ಗಿಡವೊಂದೇ ಅಲ್ಲ. ಸೊಸೆ ಹಾಸಿಗೆಯಿಂದ ಏಳುವುದರೊಳಗೆ ಕಾಫಿ ಬಂದಿರುತ್ತಿತ್ತು. ಸ್ನಾನಕ್ಕೆ ನೀರು ತೋಡಿಟ್ಟಾಗಿರುತ್ತಿತ್ತು. ಬಟ್ಟೆ ಒಗೆದು ಮಡಿಸಿಯಾಗಿರುತ್ತಿತ್ತು. ಪೊರಕೆ ಹಿಡಿದರೆ ಅತ್ತೆ ಪೊರಕೆ ಕಸಿದುಕೊಳ್ಳುವಳು. ತರಕಾರಿ ಹೆಚ್ಚಲು ಕೂತರೆ ಈಳಿಗೆಮಣೆಯನ್ನೇ ಎತ್ತಿಕೊಂಡು ಹೋಗುವಳು. "ನಿನಗ್ಯಾಕೆ ತಾಯಿ, ನಾನಿದ್ದೀನಲ್ಲ." ಕೇರಿಯ ಹೆಂಗಸರೆಲ್ಲ, ಪುಣ್ಯ ಮಾಡಿದ್ದೆ ನೀನು ಎಂದು ಸೊಸೆಗೆ ಹೇಳಿದರು. ಸೊಸೆಗೂ ಮೊದಮೊದಲು ಹಾಗೆಯೇ ಅನ್ನಿಸಿತ್ತು.

ಒಂದು ದಿನ ಸಂತೆಯಲ್ಲಿ ಅವಳ ಕಣ್ಣಿಗೆ ಪುಂಡಿಸೊಪ್ಪು ಬಿತ್ತು. ಅವಳ ತವರಿನ ಕಡೆ ಪುಂಡಿಪಲ್ಯ ಇಲ್ಲದೆ ರೊಟ್ಟಿಗೆ ರುಚಿಯೇ ಇಲ್ಲ. ಸೊಪ್ಪು ತಂದಳು, ಸೆರಗು ಸಿಕ್ಕಿಸಿದಳು.

"ಅತ್ತೇ, ಇವತ್ತೊಂದಿನ ಪಲ್ಯ ನಾನು ಮಾಡ್ತೀನಿ."

"ಛೇ ಛೇ, ಇತ್ತ ತಾ," ಎಂದು ಅತ್ತೆ ಸೊಪ್ಪಿನ ಕಟ್ಟನ್ನು ಅವಳ ಕೈಯಿಂದ ತೆಗೆದುಕೊಂಡಳು. ತನಗೆ ಬಂದ ಹಾಗೆ ಪಲ್ಯ ಮಾಡಿದಳು. ಹುಳಿ ಹೆಚ್ಚಾದೀತೆಂದು ಸೊಪ್ಪನ್ನು ಹಿಂಡಿದಳು, ಬೆಲ್ಲ ಹಾಕಿದಳು, ತೆಂಗಿನತುರಿ ಉದುರಿಸಿದಳು. ಪಲ್ಯ ಚೆನ್ನಾಗಿಯೇ ಇತ್ತು. ಅದು ಪುಂಡಿಪಲ್ಯವಾಗಿರಲಿಲ್ಲ, ಅಷ್ಟೆ.

ಸೊಸೆ ಊಟ ಮಾಡಿದಳು. ಚೆನ್ನಾಗಿದೆ ಎಂದಳು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಕಿಟಕಿಯ ಹತ್ತಿರ ಕೂತು ಒಣಗಿದ ಎಳೆಗಳನ್ನು ನೋಡುತ್ತಿದ್ದಳು. ಸೊಸೆ ಬಲು ಸಾಧು ಎಂದು ಅತ್ತೆ ಇನ್ನಷ್ಟು ಪ್ರೀತಿಯಿಂದ ಇನ್ನೊಂದು ಲೋಟ ಹಾಲು ತಂದಿಟ್ಟಳು.

ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅದು ಎಲ್ಲ ಮನೆಯ ಪದ್ಧತಿ. ಹೊರಡುವ ಮೊದಲು ಅವಳು ಗಿಡವನ್ನು ಕುಂಡದಿಂದ ಎತ್ತಿದಳು. ಬೇರಿಗೆ ಅಂಟಿದ ಗೊಬ್ಬರದ ಮಣ್ಣನ್ನು ಮಳೆನೀರಿನಲ್ಲಿ ಮೆಲ್ಲಗೆ ತೊಳೆದಳು. ಬರಿಯ ತೆಂಗಿನ ನಾರು ತುಂಬಿ, ಅದರಲ್ಲಿ ಗಿಡವನ್ನು ಕೂರಿಸಿದಳು.

ಅತ್ತೆಗೆ ನೋಡಲಾಗಲಿಲ್ಲ. "ಅದು ಪಾತ್ರೆ ತಿಕ್ಕೋ ನಾರಲ್ಲೇ! ಅದರಲ್ಲಿ ಏನೈತೆ?"

"ಏನೂ ಇಲ್ಲ ಅತ್ತೇ. ಅದಕ್ಕೇ ಹಾಕಿದ್ದು. ನಾನು ಬರೋತನಕ ಮಳೆನೀರು ಬಿಟ್ಟು ಬೇರೆ ಏನೂ ಹಾಕಬೇಡಿ."

ಆಷಾಢ ಮುಗಿಯಿತು. ಶ್ರಾವಣದ ಹಬ್ಬಗಳು ಒಂದೊಂದಾಗಿ ಬಂದವು. ಸೊಸೆ ಬರಲಿಲ್ಲ. ಅತ್ತೆ ದಿನವೂ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ಕಡೆಗೆ ಒಂದು ದಿನ ಮಗ ಊಟಕ್ಕೆ ಕೂತವನು ತಟ್ಟೆ ನೋಡುತ್ತ ಹೇಳಿದ.

"ಅವ್ವಾ, ಅವಳು ಇನ್ನೊಂದಿಷ್ಟು ದಿನ ಅಲ್ಲೇ ಇರ್ತಾಳಂತೆ. ಆಮೇಲೆ ನಾವಿಬ್ಬರೂ ಬೇರೆ ಮನೆ ಮಾಡೋಣ ಅಂತಾಳೆ."

ಅತ್ತೆಯ ಕೈಯ ಸೌಟು ಕೈಯಲ್ಲೇ ಉಳಿಯಿತು. "ನಾನೇನು ಕಮ್ಮಿ ಮಾಡ್ದೆ?"

"ಏನೂ ಕಮ್ಮಿ ಇಲ್ಲವ್ವಾ. ಅವಳೂ ಅದನ್ನೇ ಹೇಳಿ ಅಳ್ತಾಳೆ."

ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ತಾನು ಪಟ್ಟದ್ದರಲ್ಲಿ ಒಂದು ಎಳ್ಳಿನಷ್ಟನ್ನೂ ಅವಳಿಗೆ ಪಡಲು ಬಿಟ್ಟಿಲ್ಲ. ಬಯ್ದಿಲ್ಲ, ದುಡಿಸಿಲ್ಲ, ಒಂದು ಲೋಟ ತೊಳೆಸಿಲ್ಲ. ಇಷ್ಟಾದರೂ ಬೇರೆ ಮನೆಯಂತೆ! ಕಣ್ಣೊರೆಸಿಕೊಂಡು ಆಕೆ ಕಿಟಕಿಯ ಹತ್ತಿರ ಹೋದಳು. ನಾರಿನಲ್ಲಿ ನಿಂತ ಗಿಡ ಕಣ್ಣಿಗೆ ಬಿತ್ತು.

"ನಿನಗೂ ನಾನು ಬೇಡ ತಾನೇ? ಇರು ಹಂಗೇ!" ಎಂದಳು.

ಅಂದಿನಿಂದ ಆಕೆ ಗಿಡಕ್ಕೆ ಏನನ್ನೂ ಹಾಕಲಿಲ್ಲ. ಇದು ಜ್ಞಾನದಿಂದ ಬಂದ ಸಂಯಮವಲ್ಲ, ಮುನಿಸು. ಸೂರಿನಿಂದ ಇಳಿದ ಮಳೆನೀರನ್ನು ತಂಬಿಗೆಯಲ್ಲಿ ಹಿಡಿದು, ಸಾಯದಿರಲೆಂದು, ಅಷ್ಟನ್ನು ಮಾತ್ರ ಹಾಕುತ್ತಿದ್ದಳು. ಅದನ್ನೂ ಮುಖ ಆಚೆ ತಿರುಗಿಸಿಕೊಂಡೇ ಹಾಕುತ್ತಿದ್ದಳು.

ಮುಖ ತಿರುಗಿಸಿದರೂ ಕಣ್ಣು ಎಷ್ಟು ದಿನ ಸುಮ್ಮನಿದ್ದೀತು? ಒಂದು ಬೆಳಿಗ್ಗೆ ನೀರು ಹಾಕುವಾಗ ಹೊಸ ಎಲೆಯ ತುದಿ ಕಂಡಿತು. ಎಳೆ ಒಣಗಿರಲಿಲ್ಲ. ಉದ್ದಕ್ಕೆ ಇಳಿದು, ಕೊನೆಯಲ್ಲಿ ಮೇಲಕ್ಕೆ ಬಾಗಿ, ಹೆಸರುಕಾಳಿನಷ್ಟು ಉಬ್ಬಿತ್ತು. ಕೆಲವು ದಿನಗಳಲ್ಲಿ ಅದು ಹುರುಳಿಕಾಯಿಯಷ್ಟಾಯಿತು. ಆಮೇಲೆ ಹೊಟ್ಟೆ ಮೂಡಿತು, ಕಂಠ ಮೂಡಿತು, ಮುಚ್ಚಳದ ಗೆರೆ ಮೂಡಿತು. ಮುಚ್ಚಳ ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿತ್ತು. ಉಗುರಿನಿಂದ ಒಂದಿಷ್ಟು ಎತ್ತಿಬಿಡೋಣವೇ ಎಂದು ಅತ್ತೆಯ ಬೆರಳು ತುರಿಸಿತು. ಕೈ ಎರಡು ಬಾರಿ ಕಿಟಕಿಯವರೆಗೆ ಹೋಗಿ ಬಂತು. ಪಾಯಸದ ವಾಸನೆ ನೆನಪಾಗಿ ಆಕೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ದಿನ ಒಲೆಗೆ ಹಾಲಿಟ್ಟು ತಿರುಗಿದಾಗ ಮುಚ್ಚಳ ತೆರೆದಿತ್ತು. ಯಾರೂ ತೆರೆಯಲಿಲ್ಲ, ಅದೇ ತೆರೆದುಕೊಂಡಿತ್ತು. ಅತ್ತೆ ಉಸಿರು ಹಿಡಿದು ಒಳಗೆ ಬಗ್ಗಿ ನೋಡಿದಳು. ತಳದಲ್ಲಿ ನೀರಿತ್ತು.

ಆಕೆಗೆ ಅರ್ಥವಾಗಲಿಲ್ಲ. ಕಿಟಕಿಯೊಳಗೆ ಮಳೆಯ ಹನಿ ಬೀಳುವುದಿಲ್ಲ. ತಾನು ಹಾಕಿಲ್ಲ. ಇಷ್ಟು ದಿನ ಮುಚ್ಚಳವೇ ತೆರೆದಿರಲಿಲ್ಲ. ಹಾಗಾದರೆ ಈ ನೀರು ಎಲ್ಲಿಯದು? ಬಾಯಿ ತೆರೆಯುವ ಮೊದಲೇ ಅದು ತನ್ನ ನೀರನ್ನು ತಾನೇ ಕೂಡಿಟ್ಟುಕೊಂಡಿತ್ತು. ಸೊಸೆ ಗಿಡ ತಂದ ದಿನ ತಾನು ಅಯ್ಯೋ ಖಾಲಿ ಎಂದದ್ದೂ ಇದೇ ಗುಟುಕು ನೀರನ್ನೇ ನೋಡಿ.

ಅಷ್ಟರಲ್ಲಿ ಬೆಲ್ಲದ ಡಬ್ಬಿಯ ಕಡೆಯಿಂದ ಒಂದು ಇರುವೆ ಹೊರಟು ಕಿಟಕಿ ಹತ್ತಿತು. ಹೂಜಿಯ ಅಂಚಿನ ಮೇಲೆ ಒಂದು ಸುತ್ತು ಬಂತು, ರುಚಿ ನೋಡಿತು, ಜಾರಿತು. ಅತ್ತೆಗೆ ಇರುವೆಯ ಮೇಲೆ ಅಯ್ಯೋ ಎನ್ನಿಸಿತು. ವರ್ಷವಿಡೀ ಇರುವೆಗಳು ಬೆಲ್ಲದ ಡಬ್ಬಿಯನ್ನು ಕಾಡಿದ್ದು ನೆನಪಾಗಿ ಆ ಅಯ್ಯೋವನ್ನು ಅಲ್ಲಿಗೇ ಬಿಟ್ಟಳು.

ಆ ಮಧ್ಯಾಹ್ನ ಆಕೆ ಒಲೆಯ ಮುಂದೆ ಕೂತಿದ್ದಾಗ ಹಳೆಯದೊಂದು ನೆನಪು ಬಂತು. ಹೊಗೆ ತಿಂದು ಅತ್ತ ಆ ದಿನದ ಮುಂದಿನ ಭಾಗ ಅದು. ಅಂದು ಊಟಕ್ಕೆ ಕೂತ ಮಾವನವರು ಅವಳ ಸಾರನ್ನು ಕಲಸಿಕೊಂಡು ಒಂದು ತುತ್ತು ತಿಂದಿದ್ದರು. ಏನೂ ಹೊಗಳಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿ, "ಇನ್ನೊಂದು ಸೌಟು ಹಾಕಮ್ಮ" ಎಂದರು, ಅಷ್ಟೆ. ಅವಳು ಸೌಟಿನಲ್ಲಿ ಸಾರು ತೋಡಿ ಬಡಿಸಿದಳು. ಆ ಒಂದು ಸೌಟು ಬಡಿಸಿದ ಮೇಲೆ ಅದು ಅವಳ ಮನೆಯಾಯಿತು. ಇಷ್ಟು ವರ್ಷ ಆಕೆ ಹೊಗೆಯನ್ನು ನೆನಪಿಟ್ಟುಕೊಂಡಿದ್ದಳು, ಸೌಟನ್ನು ಮರೆತಿದ್ದಳು.

ಮರುದಿನ ಅತ್ತೆ ಅಟ್ಟದಿಂದ ಒಂದು ಡಬ್ಬಿ ಇಳಿಸಿದಳು. ಮದುವೆಯಲ್ಲಿ ಬೀಗರ ಮನೆಯಿಂದ ಉಂಡೆ ತುಂಬಿ ಬಂದ ಸ್ಟೀಲಿನ ಡಬ್ಬಿ ಅದು. ತೊಳೆದಳು, ಒರೆಸಿದಳು, ಏನೂ ಹಾಕಲಿಲ್ಲ. ಹಾಗೆಯೇ ಮುಚ್ಚಳ ಮುಚ್ಚಿ ಬಳ್ಳಾರಿ ಕಡೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಡಬ್ಬಿ ಮಡಿಲಲ್ಲಿತ್ತು. ಅದರ ಹಗುರಕ್ಕೆ ಆಕೆಗೆ ನಾಚಿಕೆಯಾಗುತ್ತಿತ್ತು. ದಾರಿಯಲ್ಲಿ ಬಸ್ಸು ನಿಂತಾಗ ಬಾಳೆಹಣ್ಣಿನವನು ಕಿಟಕಿಗೆ ಬಂದ. ಒಂದು ಚಿಪ್ಪು ಕೊಂಡು ಡಬ್ಬಿಗೆ ಹಾಕಿಬಿಡೋಣ ಎಂದು ಜೀವ ಹೊಡೆದುಕೊಂಡಿತು. ಆಕೆ ಕಣ್ಣು ಮುಚ್ಚಿ ಕೂತಳು.

ಬೀಗರ ಮನೆಯಲ್ಲಿ ಎಲ್ಲರೂ ಎದ್ದು ನಿಂತರು. ಸೊಸೆ ಕಾಲಿಗೆ ನೀರು ಕೊಟ್ಟಳು. ಅತ್ತೆ ಒಳಗೆ ಬಂದು ಡಬ್ಬಿಯನ್ನು ಅವಳ ಕೈಗಿಟ್ಟಳು. ಸೊಸೆ ಮುಚ್ಚಳ ತೆಗೆದು ನೋಡಿದಳು. ಬೀಗಿತ್ತಿಯೂ ಬಗ್ಗಿ ನೋಡಿ, ನೋಡಬಾರದ್ದನ್ನು ನೋಡಿದವರಂತೆ ಮುಖ ಆಚೆ ತಿರುಗಿಸಿದಳು. ಯಾರ ಮನೆಗಾದರೂ ಬರಿ ಡಬ್ಬಿ ಹೊತ್ತು ಹೋಗುತ್ತಾರೆಯೇ? ಅದೂ ಮುನಿಸಿಕೊಂಡಿರುವ ಸೊಸೆಯ ತವರಿಗೆ!

"ಇದು ಖಾಲಿ ಐತಲ್ಲ ಅತ್ತೇ," ಎಂದಳು ಸೊಸೆ.

"ಹೌದು ತಾಯಿ, ಖಾಲಿ," ಎಂದಳು ಅತ್ತೆ. "ನಮ್ಮನೇಲಿ ಪುಂಡಿಪಲ್ಯ ಮಾಡೋಕೆ ಬರೋರು ಯಾರೂ ಇಲ್ಲ."

ಸೊಸೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದಳು. ಸೊಪ್ಪು ಬೇಯುವ ವಾಸನೆ ಬಂತು, ಬೆಳ್ಳುಳ್ಳಿ ಒಗ್ಗರಣೆ ಚಟಪಟ ಎಂದಿತು. ಅತ್ತೆ ಎದ್ದು ಹೋಗಲಿಲ್ಲ. ಸಹಾಯ ಮಾಡಲಿಲ್ಲ. ಜಗಲಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಸೊಸೆ ಡಬ್ಬಿಗೆ ತುಂಬುವ ಮೊದಲು ಒಂದು ತಟ್ಟೆಯಲ್ಲಿ ರೊಟ್ಟಿಯ ಜೊತೆ ಪಲ್ಯ ತಂದಿಟ್ಟಳು. ಅತ್ತೆ ಬಾಯಿಗಿಟ್ಟಳು. ಹುಳಿಗೆ ಎರಡು ಕಣ್ಣೂ ಮುಚ್ಚಿಕೊಂಡವು.

"ಅಯ್ಯಪ್ಪಾ, ಏನು ಹುಳಿಯೇ ಇದು!"

"ನಮ್ಮ ಕಡೆ ಹಂಗೇ ಅತ್ತೇ," ಎಂದು ಸೊಸೆ ನಕ್ಕಳು. ಮದುವೆಯಾದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ಅತ್ತೆ ಅದೇ ಮೊದಲು ನೋಡಿದ್ದು.

ಅತ್ತೆ ಹೊಗಳಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ಇನ್ನೊಂದು ಸೌಟು ಹಾಕು," ಎಂದಳು.

ತುಂಬಿದ ಡಬ್ಬಿಯನ್ನು ಹಿಡಿದು ಸೊಸೆ ಅದೇ ಸಂಜೆಯ ಬಸ್ಸಿಗೆ ಅತ್ತೆಯ ಜೊತೆಯಲ್ಲೇ ಬಂದಳು. ಬೇರೆ ಮನೆಯ ಮಾತು ಅಲ್ಲಿಗೆ ನಿಂತಿತು. ಬೆಳಗಿನ ಅಡುಗೆ ಅತ್ತೆಯದು, ಸಂಜೆಯದು ಸೊಸೆಯದು ಎಂದಾಯಿತು. ಸಂಜೆಯ ಹೊತ್ತು ಅತ್ತೆ ಇವತ್ತಿಗೂ ಅಡುಗೆಮನೆಯ ಬಾಗಿಲವರೆಗೆ ಹೋಗುತ್ತಾಳೆ. ಕಿಟಕಿಯಲ್ಲಿ ತೂಗುವ ಹೂಜಿಗಳನ್ನು ನೋಡುತ್ತಾಳೆ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸ್ಸು ಬರುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶ ಕಿಟಕಿಯ ಗಿಡವನ್ನು ನೋಡಿದ. "ಈ ಗಿಡ ತಂದುಕೊಟ್ಟ ಭಕ್ತೆ ಆ ಅತ್ತೇನಾ ಬುದ್ಧೀ?"

"ತಂದವಳು ಸೊಸೆ. ಜೊತೇಲಿ ಅತ್ತೇನೂ ಬಂದಿದ್ದಳು. ಗೊಬ್ಬರ ಹಾಕಬೇಡಿ ಅಂತ ಅವಳೇ ನನಗೆ ಮೂರು ಸಲ ಹೇಳಿ ಹೋದಳು."

ಕೊಟ್ರೇಶ ನಗಲಿಲ್ಲ. ಅವನಿಗೆ ಏನೋ ನೆನಪಾಗಿತ್ತು. ಆ ನೆನಪು ಹಿತವಾಗಿರಲಿಲ್ಲ. ಹೇಳಲೋ ಬೇಡವೋ ಎಂದು ತಡೆದು, ಕಡೆಗೆ ಹೇಳಿದ.

"ಬುದ್ಧೀ, ಅವನು ಏನೂ ಕೇಳಿಲ್ಲ ಅಂದೆ. ಒಂದ್ಸಲ ಕೇಳಿದ್ದ. ಬಸವ ಜಯಂತಿ ದಿನ, ಪಂಕ್ತಿ ಕೂರೋ ಹೊತ್ತಲ್ಲಿ. 'ಉಪ್ಪಿನ ಬಟ್ಟಲು ನನಗೆ ಕೊಡು' ಅಂದ."

"ನೀನೇನಂದೆ?"

"ನೀನು ಕೂತ್ಕೋ, ನಾನಿದ್ದೀನಲ್ಲ ಅಂದೆ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ಆದರೂ ಅವನು ಒಮ್ಮೆಗೇ ಸೋಲುವವನಲ್ಲ. ಆ ಮಠದಲ್ಲಿ ಎಲೆಗೆ ಮೊದಲು ಬೀಳುವುದು ಉಪ್ಪು. ಉಪ್ಪು ಬೀಳದೆ ಅನ್ನ ಬೀಳುವುದಿಲ್ಲ, ಯಾರೂ ಎಲೆ ಮುಟ್ಟುವುದಿಲ್ಲ. ಅಷ್ಟು ದೊಡ್ಡ ಪಂಕ್ತಿಯ ಮೊದಲ ಕೆಲಸ ಅದು.

"ಅಲ್ಲ ಬುದ್ಧೀ, ಅವನ ಬಲಗೈ ಏಳಲ್ಲ. ಎಡಗೈಲಿ ಬಡಿಸಿದ್ರೆ ಜನ ಏನಂತಾರೆ? ಯಾರು ಉಣ್ತಾರೆ? ಎಲೆ ಬಿಟ್ಟು ಯಾರಾದ್ರೂ ಎದ್ದು ಹೋದ್ರೆ ಅವನು ತಡ್ಕೊಳ್ತಾನಾ? ಅದು ಆಗಬಾರದು ಅಂತಾನೇ ನಾನು ಕೊಡಲಿಲ್ಲ."

ಇದು ಸುಳ್ಳಾಗಿರಲಿಲ್ಲ. ಅವನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಪಂಕ್ತಿಯ ಗಂಟೆ ಹೊಡೆಯಿತು. ಅಂಗಳದಲ್ಲಿ ಎಲೆ ಹಾಸುವ ಸದ್ದು ಕೇಳಿಸಿತು. ಜಗಲಿಯ ಮೂಲೆಯಲ್ಲಿ ಮುರಿಗೆಪ್ಪ ಎಂದಿನಂತೆ ಗೋಡೆಗೆ ಒರಗಿ ಕೂತಿದ್ದ. ಬರುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಅವನ ಪಕ್ಕದಲ್ಲಿ ಅವನ ಬಟ್ಟೆಯ ಗಂಟು ಇತ್ತು.

ಗುರುಗಳು ಎದ್ದರು. ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತು ಹೇಳಿದರು.

"ಇವತ್ತು ಪಂಕ್ತೀಲಿ ಮೊದಲ ಎಲೆ ನಂದು ಕೊಟ್ರೇಶ, ಮುರಿಗೆಪ್ಪನ ಎಡಗೈಯಿಂದ ಉಪ್ಪು ಬೀಳೋತನಕ ನಾನು ಕಾಯ್ತಾ ಕೂತಿರ್ತೀನಿ."

ಕೊಟ್ರೇಶ ಉಪ್ಪಿನ ಬಟ್ಟಲನ್ನು ಎತ್ತಿಕೊಂಡು ಜಗಲಿಯ ಮೂಲೆಯತ್ತ ನಡೆದ.